ಫ್ಯಾಂಟಸಿ ಫುಟ್‌ಬಾಲ್: ಸ್ಟಾರ್ ಆಟಗಾರನನ್ನು ಟ್ರೇಡ್ ಮಾಡುವ ಮುನ್ನ

ಲೀಗಿನ ಮೂರು ವಾರ ಮುಗಿಯುವ ಹೊತ್ತಿಗೆ ಒಂದು ಆಫರ್ ಬಂದೇ ಬರುತ್ತದೆ: "ನಿನ್ನ ಸ್ಟಾರ್ ಒಬ್ಬನನ್ನು ಕೊಡು, ನನ್ನ ಇಬ್ಬರು ಒಳ್ಳೇ ಆಟಗಾರರನ್ನು ತಗೋ." ಇಬ್ಬರ ಪಾಯಿಂಟ್ ಕೂಡಿಸಿ ನೋಡಿದರೆ ಒಬ್ಬನಿಗಿಂತ ಜಾಸ್ತಿಯೇ ಬರುತ್ತದೆ. ಒಂದು ಕೊಟ್ಟು ಎರಡು ತಂದ ಖುಷಿ ಬೇರೆ. ಆದರೆ ಬಹಳಷ್ಟು ಸಲ ಹೀಗೆ ಒಪ್ಪಿಕೊಂಡವರ ತಂಡ ಮರುವಾರದಿಂದ ಮೊದಲಿಗಿಂತ ಕಡಿಮೆ ಸ್ಕೋರ್ ಮಾಡತೊಡಗುತ್ತದೆ. ಏಕೆ ಹಾಗೆ, ಯಾವಾಗ ಹಾಗಾಗುವುದಿಲ್ಲ, ಸ್ಟಾರ್‌ನನ್ನು ಯಾವಾಗ ಕೊಡಬೇಕು, ಯಾವಾಗ ಕೊಳ್ಳಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಇಲ್ಲಿ ಹೇಳುತ್ತಿರುವುದು ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲಿನ, ಸೀಸನ್ ಪೂರ್ತಿ ನಡೆಯುವ ಲೀಗುಗಳ ಬಗ್ಗೆ. ಯಾಹೂ, ಇಎಸ್‌ಪಿಎನ್, ಸ್ಲೀಪರ್ ಆ್ಯಪ್‌ಗಳಲ್ಲಿ 10 ಅಥವಾ 12 ಜನ ಸೇರಿ ಆಡುವಂಥದ್ದು. ಪ್ರತಿಯೊಬ್ಬರೂ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುತ್ತಾರೆ, ಅವರು ಮೈದಾನದಲ್ಲಿ ಮಾಡಿದ್ದಕ್ಕೆ ಪಾಯಿಂಟ್ ಬರುತ್ತದೆ. ಅಮೆರಿಕದಲ್ಲಿರುವ ನಮ್ಮವರು ಹೆಚ್ಚಾಗಿ ಆಫೀಸಿನವರ ಒತ್ತಾಯಕ್ಕೆ ಇದಕ್ಕೆ ಸೇರುತ್ತಾರೆ, ಆಮೇಲೆ ಅಂಟಿಕೊಂಡುಬಿಡುತ್ತಾರೆ. ಊರಿನಲ್ಲಿ ಐಪಿಎಲ್ ಸಮಯದಲ್ಲಿ ತಂಡ ಕಟ್ಟಿ ಅಭ್ಯಾಸವಿದ್ದವರಿಗೆ ಒಂದು ವ್ಯತ್ಯಾಸ ಮೊದಲೇ ತಿಳಿದಿರಲಿ. ಅಲ್ಲಿ ಒಬ್ಬ ಕೊಹ್ಲಿಯನ್ನು ಲಕ್ಷಾಂತರ ಜನ ಒಟ್ಟಿಗೆ ತಂಡಕ್ಕೆ ಹಾಕಿಕೊಳ್ಳಬಹುದಿತ್ತು. ಇಲ್ಲಿ ಸೀಸನ್‌ಗೆ ಮೊದಲು ಡ್ರಾಫ್ಟ್‌ನಲ್ಲಿ ಸರದಿಯಂತೆ, ಸುತ್ತು ಸುತ್ತಾಗಿ ಆಟಗಾರರನ್ನು ಆರಿಸಿಕೊಳ್ಳುತ್ತಾರೆ; ಒಂದು ಲೀಗಿನಲ್ಲಿ ಒಬ್ಬ ಆಟಗಾರ ಒಬ್ಬರಿಗೆ ಮಾತ್ರ ಸೇರಿದವನು. ಬೇಕೆಂದರೆ ಅವನ ಒಡೆಯರ ಹತ್ತಿರವೇ ಹೋಗಿ ಕೇಳಬೇಕು. ಟ್ರೇಡ್ ಎಂಬುದು ಹುಟ್ಟುವುದೇ ಇದರಿಂದ. (ಭಾರತದಲ್ಲಿ ಕೂತು ಆಡುವವರು ದುಡ್ಡು ಕಟ್ಟುವ ಲೀಗುಗಳಿಂದ ದೂರವಿರಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡುವ ಆಟಗಳನ್ನು ನಿಷೇಧಿಸಿದೆ. ಹಣವಿಲ್ಲದೆ ಆಡಿದರೂ ಇದರ ಮಜಾ ಕಡಿಮೆಯೇನಾಗುವುದಿಲ್ಲ.)

ಮೊದಲು ಲೀಗಿನ ಸೆಟ್ಟಿಂಗ್ಸ್ ಓದಿ

ಬೇಸರದ ಕೆಲಸ, ಆದರೆ ಐದು ನಿಮಿಷದ್ದು. ನೋಡಬೇಕಾದದ್ದು ನಾಲ್ಕು: ಪಾಯಿಂಟ್ ಹೇಗೆ ಕೊಡುತ್ತಾರೆ, ಪ್ರತಿ ವಾರ ಎಷ್ಟು ಜನರನ್ನು ಆಡಿಸಬೇಕು, ಟ್ರೇಡ್‌ಗೆ ಕೊನೆಯ ದಿನ ಯಾವುದು, ಪ್ಲೇಆಫ್ ಯಾವ ವಾರಗಳಲ್ಲಿ.

ಪಾಯಿಂಟ್‌ನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಓಡಿದ್ದಕ್ಕೂ ಕ್ಯಾಚ್ ಹಿಡಿದು ಸಾಗಿದ್ದಕ್ಕೂ 10 ಯಾರ್ಡಿಗೆ 1 ಪಾಯಿಂಟ್, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ) 6. ಪಿಪಿಆರ್ ಎನ್ನುವ ಲೀಗುಗಳಲ್ಲಿ ಪ್ರತಿ ಕ್ಯಾಚಿಗೆ ಇನ್ನೊಂದು ಪಾಯಿಂಟ್ ಸೇರುತ್ತದೆ, ಹಾಫ್ ಪಿಪಿಆರ್‌ನಲ್ಲಿ ಅರ್ಧ. ಒಬ್ಬ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವವನು) 8 ಕ್ಯಾಚ್ ಹಿಡಿದು 70 ಯಾರ್ಡ್ ಸಾಗಿದ, ಟಚ್‌ಡೌನ್ ಇಲ್ಲ ಎಂದುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಅವನಿಗೆ 7 ಪಾಯಿಂಟ್, ಪಿಪಿಆರ್‌ನಲ್ಲಿ 15. ಅದೇ ದಿನ ಒಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದವನು) 80 ಯಾರ್ಡ್ ಓಡಿ ಒಂದು ಟಚ್‌ಡೌನ್ ಮಾಡಿ, ಕ್ಯಾಚ್ ಒಂದೂ ಹಿಡಿಯದಿದ್ದರೆ ಎರಡರಲ್ಲೂ 14. ಅಂದರೆ ಒಂದು ಲೀಗಿನಲ್ಲಿ ಆ ರಿಸೀವರ್ ಇವನ ಅರ್ಧದಷ್ಟು, ಇನ್ನೊಂದರಲ್ಲಿ ಇವನಿಗಿಂತ ಮೇಲು. "ಇವನ ಬೆಲೆ ಎಷ್ಟು?" ಎಂದು ಬೇರೆ ಲೀಗಿನ ಗೆಳೆಯನನ್ನು ಕೇಳಿದರೆ ಬರುವ ಉತ್ತರ ನಿಮ್ಮ ಲೀಗಿಗೆ ಹೊಂದದೆ ಹೋಗುವುದು ಇದಕ್ಕೇ.

ಹೆಸರು ದೊಡ್ಡದು, ಬೆಲೆ ಎಷ್ಟು?

ಟಿವಿಯಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವವರು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳು. ಫ್ಯಾಂಟಸಿಯಲ್ಲಿ, ಅದರಲ್ಲೂ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡಿಸುವ ಲೀಗಿನಲ್ಲಿ, ಅವರ ಟ್ರೇಡ್ ಬೆಲೆ ಅಷ್ಟಿರುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ 32 ತಂಡ, 32 ಕ್ವಾರ್ಟರ್‌ಬ್ಯಾಕ್. ನಿಮ್ಮ 12 ಜನರ ಲೀಗಿಗೆ ವಾರಕ್ಕೆ ಬೇಕಾದವರು 12. ಒಬ್ಬ ಕೈಕೊಟ್ಟರೆ ಯಾರ ತಂಡದಲ್ಲೂ ಇಲ್ಲದ ಇನ್ನೊಬ್ಬ ಸಾಧಾರಣ ಕ್ವಾರ್ಟರ್‌ಬ್ಯಾಕ್ ಸಿಕ್ಕೇ ಸಿಗುತ್ತಾನೆ. ರನ್ನಿಂಗ್ ಬ್ಯಾಕ್ ಹಾಗಲ್ಲ. ಪ್ರತಿಯೊಬ್ಬರೂ ಇಬ್ಬರನ್ನು ಆಡಿಸಬೇಕು, ಫ್ಲೆಕ್ಸ್ ಜಾಗಕ್ಕೆ (ರನ್ನಿಂಗ್ ಬ್ಯಾಕ್, ರಿಸೀವರ್ ಯಾರನ್ನಾದರೂ ಆಡಿಸಬಹುದಾದ ಜಾಗ) ಮೂರನೆಯವನೂ ಬೇಕಾಗಬಹುದು. ಆದರೆ ತನ್ನ ತಂಡದ ಹೆಚ್ಚಿನ ಕೆಲಸವನ್ನು ಒಬ್ಬನೇ ಹೊರುವಂಥವರು ಬೆರಳೆಣಿಕೆಯಷ್ಟು.

ಹಾಗಾಗಿ ಆಟಗಾರ ಎಷ್ಟು ಪಾಯಿಂಟ್ ಗಳಿಸುತ್ತಾನೆ ಎಂಬುದಷ್ಟನ್ನೇ ನೋಡಬೇಡಿ. ಅವನಿಲ್ಲದಿದ್ದರೆ ಆ ಜಾಗಕ್ಕೆ ಬಿಟ್ಟಿಯಾಗಿ ಸಿಗುವವನು ಎಷ್ಟು ಗಳಿಸುತ್ತಾನೆ, ಇಬ್ಬರ ನಡುವೆ ಅಂತರ ಎಷ್ಟು ಎಂದು ನೋಡಿ. ಸ್ಟಾರ್‌ನ ಬೆಲೆ ಎಂದರೆ ಆ ಅಂತರ. 2022ರಲ್ಲಿ ಕಾನ್ಸಾಸ್ ಸಿಟಿಯ ಟ್ರಾವಿಸ್ ಕೆಲ್ಸಿ 110 ಕ್ಯಾಚ್, 1,338 ಯಾರ್ಡ್, 12 ಟಚ್‌ಡೌನ್ ಮಾಡಿದ. ಒಳ್ಳೆಯ ರಿಸೀವರ್‌ಗಳ ಸಾಲಿನಲ್ಲಿಟ್ಟರೆ ಇದು ತೀರಾ ಅಚ್ಚರಿಯ ಲೆಕ್ಕವಲ್ಲ. ಆದರೆ ಕೆಲ್ಸಿ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವುದು, ಕ್ಯಾಚ್ ಹಿಡಿಯುವುದು ಎರಡೂ ಮಾಡುವವನು; ಲೈನಪ್‌ನಲ್ಲಿ ಅವನಿಗೆ ಬೇರೆಯೇ ಜಾಗ), ಮತ್ತು ಆ ವರ್ಷ ಇನ್ನೊಬ್ಬ ಟೈಟ್ ಎಂಡ್ ಕೂಡ 1,000 ಯಾರ್ಡ್ ಮುಟ್ಟಲಿಲ್ಲ. ಆ ಜಾಗದಲ್ಲಿ ಉಳಿದ 11 ಜನರೂ ಪ್ರತಿ ವಾರ ಅವನ ಒಡೆಯರಿಗಿಂತ ಹಿಂದೆಯೇ ಶುರು ಮಾಡುತ್ತಿದ್ದರು. ಅಂಥವನನ್ನು ಇಬ್ಬರು ನಡುಮಟ್ಟದ ರಿಸೀವರ್‌ಗಳಿಗೆ ಬಿಟ್ಟುಕೊಡುವುದೆಂದರೆ ಲೀಗಿನಲ್ಲಿ ಬೇರೆ ಯಾರಿಗೂ ಇಲ್ಲದ ಅನುಕೂಲವೊಂದನ್ನು ಕೈಯಾರೆ ದಾಟಿಸಿದಂತೆ.

ಪಾಯಿಂಟ್ ಎಲ್ಲಿಂದ ಬಂತು?

ಟಚ್‌ಡೌನ್‌ಗಳು ಏರಿಳಿಯುತ್ತಲೇ ಇರುತ್ತವೆ. ಕೆಲಸದ ಪ್ರಮಾಣ ಅಷ್ಟು ಬೇಗ ಬದಲಾಗುವುದಿಲ್ಲ. ಚೆಂಡು ಎಷ್ಟು ಸಲ ಅವನ ಕೈಗೆ ಬಂತು, ಎಷ್ಟು ಸಲ ಅವನತ್ತ ಎಸೆದರು, ತಂಡದ ಒಟ್ಟು ಸ್ನ್ಯಾಪ್‌ಗಳಲ್ಲಿ (ಚೆಂಡು ಆಟಕ್ಕಿಳಿದ ಸಲಗಳಲ್ಲಿ) ಎಷ್ಟರಲ್ಲಿ ಅವನು ಮೈದಾನದಲ್ಲಿದ್ದ ಎಂಬ ಮೂರು ಅಂಕಿಗಳು ಯಾವ ಆ್ಯಪ್‌ನಲ್ಲಾದರೂ ಹೆಚ್ಚುಕಡಿಮೆ ಸಿಗುತ್ತವೆ. ಪಾಯಿಂಟ್ ನೋಡುವ ಮೊದಲು ಇವುಗಳನ್ನು ನೋಡಿ.

ಇಂಡಿಯಾನಾಪೊಲಿಸ್‌ನ ರನ್ನಿಂಗ್ ಬ್ಯಾಕ್ ಜೊನಾಥನ್ ಟೇಲರ್‌ನ 2021ರ ಸೀಸನ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಮೂರು ಪಂದ್ಯಗಳಲ್ಲಿ ಒಂದೂ ಟಚ್‌ಡೌನ್ ಇಲ್ಲ, ಯಾವ ಪಂದ್ಯದಲ್ಲೂ ಓಟ 70 ಯಾರ್ಡ್ ದಾಟಲಿಲ್ಲ, ತಂಡ ಮೂರನ್ನೂ ಸೋತಿತ್ತು. ಮೊದಲ ಸುತ್ತಿನಲ್ಲಿ ಅವನನ್ನು ಆರಿಸಿಕೊಂಡವರು ತಲೆ ಮೇಲೆ ಕೈ ಹೊತ್ತು ಕೂತಿದ್ದ ಹೊತ್ತದು. ನಾಲ್ಕನೇ ವಾರ ಮಯಾಮಿಯಲ್ಲಿ 100 ಯಾರ್ಡ್ ದಾಟಿದ, ನವೆಂಬರ್‌ನಲ್ಲಿ ಬಫಲೋ ಮೇಲೆ ಒಂದೇ ದಿನ 5 ಟಚ್‌ಡೌನ್ ಹೊಡೆದ, ಸೀಸನ್ ಮುಗಿಯುವಾಗ 1,811 ಯಾರ್ಡ್ ಓಡಿ ಎನ್‌ಎಫ್‌ಎಲ್‌ಗೇ ಮೊದಲಿಗನಾಗಿದ್ದ. ಮೂರನೇ ವಾರದ ಸೋಮವಾರ ಅವನ ಒಡೆಯರಿಗೆ ಒಂದು ಮರ್ಯಾದೆಯ ಆಫರ್ ಕಳಿಸಿದ್ದವರಿಗೆ ಅವನು ಎಷ್ಟು ಅಗ್ಗಕ್ಕೆ ಸಿಕ್ಕಿರಬಹುದು ಎಂದು ಯೋಚಿಸಿ.

ಇದರ ಉಲ್ಟಾ ಉದಾಹರಣೆ ಕಾನ್ಸಾಸ್ ಸಿಟಿಯ ರಿಸೀವರ್ ಸ್ಯಾಮಿ ವಾಟ್ಕಿನ್ಸ್. 2019ರ ಮೊದಲ ವಾರ ಜಾಕ್ಸನ್‌ವಿಲ್ ವಿರುದ್ಧ 198 ಯಾರ್ಡ್, 3 ಟಚ್‌ಡೌನ್. ಒಂದೇ ದಿನದಲ್ಲಿ ಸ್ಟಾರ್. ಆ ರೆಗ್ಯುಲರ್ ಸೀಸನ್ ಪೂರ್ತಿ ಅವನ ಟಚ್‌ಡೌನ್ ಎಷ್ಟು ಗೊತ್ತೇ? ಅವೇ 3. ಸೋಮವಾರ ಬೆಳಿಗ್ಗೆ ಮಾರಿದವರು ಜಾಣರು.

ಹಾಗೆಂದು ಏಕಾಏಕಿ ಮೇಲೆ ಬಂದವರನ್ನೆಲ್ಲ ಮಾರಿಬಿಡಿ ಎಂದಲ್ಲ. 2023ರಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡದ ರಿಸೀವರ್ ಪುಕಾ ನಕುವಾ ಎನ್‌ಎಫ್‌ಎಲ್‌ನದೇ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಆಯ್ಕೆಯಾಗಿ ಬಂದ ಹೊಸ ಹುಡುಗ. ಮೊದಲ ವಾರ 10 ಕ್ಯಾಚ್, ಎರಡನೇ ವಾರ 15. "ತಂಡದ ಹಿರಿಯ ರಿಸೀವರ್ ಕೂಪರ್ ಕಪ್ ಗಾಯದಿಂದ ವಾಪಸ್ ಬರಲಿ, ಇವನ ಆಟ ಮುಗಿಯುತ್ತದೆ, ಈಗಲೇ ಮಾರು" ಎಂಬುದೇ ಆಗ ಎಲ್ಲರ ಬಾಯಲ್ಲೂ ಇದ್ದ ಸಲಹೆ. ಕಪ್ ಬಂದ, ನಕುವಾನ ಆಟ ನಿಲ್ಲಲಿಲ್ಲ. 105 ಕ್ಯಾಚ್, 1,486 ಯಾರ್ಡ್‌ಗಳೊಂದಿಗೆ ಮೊದಲ ವರ್ಷದ ಆಟಗಾರರ ದಾಖಲೆಯನ್ನೇ ಬರೆದ. ವಾಟ್ಕಿನ್ಸ್‌ನ ಪಾಯಿಂಟ್ ಬಂದದ್ದು ಒಂದೇ ಪಂದ್ಯದ ಟಚ್‌ಡೌನ್‌ಗಳಿಂದ. ನಕುವಾನ ಪಾಯಿಂಟ್ ಬಂದದ್ದು ವಾರದ ಮೇಲೆ ವಾರ ಚೆಂಡು ಅವನತ್ತಲೇ ಹೋಗುತ್ತಿದ್ದುದರಿಂದ. ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಯಾರನ್ನು ನಂಬಿದ್ದಾರೆ ಎಂಬುದು ಆ ಎಣಿಕೆಯಲ್ಲಿ ಕಾಣುತ್ತದೆ.

ಈಗ ಲೆಕ್ಕ: ಹೆಸರುಗಳದ್ದಲ್ಲ, ಲೈನಪ್‌ನದ್ದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಟ್ರೇಡ್‌ನಲ್ಲಿ ಕೈ ಬದಲಾಗುವ ಆಟಗಾರರ ಪಾಯಿಂಟ್ ಕೂಡಿಸಿ ಹೋಲಿಸುವುದು ದಾರಿ ತಪ್ಪಿಸುವ ಲೆಕ್ಕ. ಪ್ರತಿ ವಾರ ನಿಮ್ಮ ಸ್ಕೋರಿಗೆ ಸೇರುವುದು ಆಡಿಸಿದವರ ಪಾಯಿಂಟ್ ಮಾತ್ರ. ಬೆಂಚಿನಲ್ಲಿ ಕೂತವನು 30 ಗಳಿಸಿದರೂ ಬಂದಂತಾಗಲಿಲ್ಲ. ಆದ್ದರಿಂದ ಟ್ರೇಡ್‌ಗೆ ಮೊದಲಿನ ಲೈನಪ್ ಒಂದು ಸಾಲಿನಲ್ಲಿ, ಟ್ರೇಡ್ ಆದ ಮೇಲಿನ ಲೈನಪ್ ಇನ್ನೊಂದು ಸಾಲಿನಲ್ಲಿ ಬರೆದು ಎರಡನ್ನೂ ಬೇರೆ ಬೇರೆ ಕೂಡಿಸಿ. ಫೋನಿನ ನೋಟ್ಸ್ ಸಾಕು.

ಕಾಲ್ಪನಿಕ ಅಂಕಿಗಳಲ್ಲಿ ಮಾಡಿ ತೋರಿಸುತ್ತೇನೆ. ಇಬ್ಬರು ರನ್ನಿಂಗ್ ಬ್ಯಾಕ್, ಇಬ್ಬರು ರಿಸೀವರ್, ಒಂದು ಫ್ಲೆಕ್ಸ್. ಉಳಿದ ಜಾಗಗಳು ಬದಲಾಗುವುದಿಲ್ಲ, ಬಿಡಿ. ನಿಮ್ಮ ರನ್ನಿಂಗ್ ಬ್ಯಾಕ್‌ಗಳು ವಾರಕ್ಕೆ ಸರಾಸರಿ 20 ಮತ್ತು 9 ಪಾಯಿಂಟ್ ತರುತ್ತಾರೆ. ಆ 20ರವನೇ ಸ್ಟಾರ್. ರಿಸೀವರ್‌ಗಳು 14 ಮತ್ತು 9, ಫ್ಲೆಕ್ಸ್‌ನಲ್ಲಿ 8ರವನೊಬ್ಬ. ಒಟ್ಟು 60.

ಆಫರ್ ಬಂತು: ಸ್ಟಾರ್ ಕೊಟ್ಟರೆ 14 ಪಾಯಿಂಟ್‌ನ ರನ್ನಿಂಗ್ ಬ್ಯಾಕ್ ಮತ್ತು 13 ಪಾಯಿಂಟ್‌ನ ರಿಸೀವರ್ ಇಬ್ಬರನ್ನೂ ಕೊಡುತ್ತಾರೆ. ಕೂಡಿಸಿದರೆ 27, ಕೊಡುವುದು 20. ವಾರಕ್ಕೆ 7 ಪಾಯಿಂಟ್ ಲಾಭ ಎಂದು ಬಾಯಲ್ಲಿ ನೀರೂರುತ್ತದೆ. ಹೊಸ ಲೈನಪ್ ಬರೆಯಿರಿ. ರನ್ನಿಂಗ್ ಬ್ಯಾಕ್ 14 ಮತ್ತು 9, ರಿಸೀವರ್ 14 ಮತ್ತು 13, ಹಳೆಯ 9ರ ರಿಸೀವರ್ ಫ್ಲೆಕ್ಸ್‌ಗೆ. ಒಟ್ಟು 59. ಲಾಭವಿರಲಿ, ಒಂದು ಪಾಯಿಂಟ್ ಕಳೆದುಕೊಂಡಿರಿ. 8ರವನು ಬೆಂಚಿಗೆ ಹೋದ. ಒಬ್ಬ ಹೆಚ್ಚುವರಿ ಆಟಗಾರ ಬಂದದ್ದಕ್ಕೆ ಬೆಂಚಿನಿಂದ ಇನ್ಯಾರನ್ನೋ ಕೈಬಿಡಬೇಕಾಯಿತು. ಅವನನ್ನು ಮರುದಿನವೇ ಬೇರೊಬ್ಬರು ಎತ್ತಿಕೊಳ್ಳುತ್ತಾರೆ.

ಎದುರಿನವರ ಕಡೆ ನೋಡಿ. ಅವರ ರನ್ನಿಂಗ್ ಬ್ಯಾಕ್ 14 ಮತ್ತು 12, ರಿಸೀವರ್ 15 ಮತ್ತು 13, ಫ್ಲೆಕ್ಸ್‌ನಲ್ಲಿ 11ರ ರಿಸೀವರ್, ಬೆಂಚಿನಲ್ಲಿ 10ರವನೊಬ್ಬ ರನ್ನಿಂಗ್ ಬ್ಯಾಕ್ ಇದ್ದಾನೆ ಎನ್ನಿ. ಮೊದಲು 65. ಟ್ರೇಡ್ ಆದ ಮೇಲೆ 20, 12, 15, 11, ಮತ್ತು ಬೆಂಚಿನಿಂದ ಎದ್ದುಬಂದ 10. ಒಟ್ಟು 68. ವಾರಕ್ಕೆ 3 ಪಾಯಿಂಟ್ ಮೇಲಾಯಿತು, ಜೊತೆಗೆ ಬೆಂಚಿನಲ್ಲಿ ಒಂದು ಜಾಗವೂ ಖಾಲಿಯಾಯಿತು. ಸುಮ್ಮನೆ ಕೂತಿದ್ದ 10 ಪಾಯಿಂಟ್ ಅವರಿಗೆ ಕೆಲಸಕ್ಕೆ ಬಂತು.

ಹಾಗಾದರೆ ಒಬ್ಬನನ್ನು ಕೊಟ್ಟು ಇಬ್ಬರನ್ನು ತರುವುದು ಯಾವಾಗಲೂ ನಷ್ಟವೇ? ಇಲ್ಲ. ಮೇಲಿನ ನಿಮ್ಮ ತಂಡದಲ್ಲೇ ಎರಡನೇ ರಿಸೀವರ್ 9ರ ಬದಲು 5, ಫ್ಲೆಕ್ಸ್ 8ರ ಬದಲು 4 ಎಂದು ಮಾಡಿ. ಮೊದಲು 52 ಇದ್ದದ್ದು ಅದೇ ಟ್ರೇಡ್‌ನಿಂದ 55 ಆಗುತ್ತದೆ. ಆಟಗಾರರು ಅವರೇ, ಆಫರ್ ಅದೇ, ನಿಮ್ಮ ತಂಡದಲ್ಲಿ ತೂತು ಇತ್ತೋ ಇಲ್ಲವೋ ಎಂಬುದಷ್ಟೇ ಬದಲಾದದ್ದು. ಲೈನಪ್‌ನಲ್ಲಿ ಎರಡು ಜಾಗ ನಿಜವಾಗಿಯೂ ಬಡವಾಗಿದ್ದರೆ ಸ್ಟಾರ್‌ನನ್ನು ಒಡೆದು ಇಬ್ಬರನ್ನು ತನ್ನಿ. ಎಲ್ಲ ಜಾಗವೂ ತಕ್ಕಮಟ್ಟಿಗೆ ತುಂಬಿದ್ದರೆ ನೀವೇ ಇಬ್ಬರನ್ನು ಕೊಟ್ಟು ಸ್ಟಾರ್ ತನ್ನಿ.

ಇಲ್ಲಿ ಹಲವರನ್ನು ಹಾದಿ ತಪ್ಪಿಸುವುದು ನಿಜವಾದ ಎನ್‌ಎಫ್‌ಎಲ್ ಚರಿತ್ರೆ. 1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಮ್ಮ ದೊಡ್ಡ ಸ್ಟಾರ್ ಹರ್ಷೆಲ್ ವಾಕರ್‌ನನ್ನು ಮಿನೆಸೋಟಕ್ಕೆ ಕೊಟ್ಟು ಐವರು ಆಟಗಾರರನ್ನೂ ಡ್ರಾಫ್ಟ್ ಪಿಕ್‌ಗಳ (ಮುಂದೆ ಹೊಸ ಆಟಗಾರರನ್ನು ಆರಿಸುವ ಹಕ್ಕುಗಳ) ರಾಶಿಯನ್ನೂ ತಂದರು. ಆ ವರ್ಷ 16ರಲ್ಲಿ ಗೆದ್ದದ್ದು ಒಂದೇ ಪಂದ್ಯ. ಆದರೆ ಆ ಪಿಕ್‌ಗಳ ಬಲದಿಂದ ಕಟ್ಟಿದ ತಂಡ 1992, 1993, 1995ರ ಸೀಸನ್‌ಗಳಲ್ಲಿ ಸೂಪರ್ ಬೌಲ್ ಗೆದ್ದಿತು. ಅದರ ಪಾಠವನ್ನು ಆಫೀಸಿನ ಲೀಗಿಗೆ ತರಬೇಡಿ. ನಿಜವಾದ ತಂಡಕ್ಕೆ ಬೇಕಾದವರು 53 ಜನ, ಕಾಯಲು ವರ್ಷಗಳಿವೆ. ನಿಮ್ಮ ಲೈನಪ್‌ನಲ್ಲಿರುವುದು ಒಂಬತ್ತು ಜಾಗ, ಡಿಸೆಂಬರ್ ಕಳೆದರೆ ಕಥೆ ಮುಗಿಯಿತು. ಜಾಗ ಕಡಿಮೆ ಇದ್ದಷ್ಟೂ ಒಂದೇ ಜಾಗದಲ್ಲಿ ಹೆಚ್ಚು ತರುವವನ ಬೆಲೆ ಏರುತ್ತದೆ. ಆಟಗಾರರನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಡೈನಸ್ಟಿ ಲೀಗುಗಳಲ್ಲಿ ಮಾತ್ರ ಡಲ್ಲಾಸ್‌ನ ದಾರಿಗೆ ಅರ್ಥವಿದೆ.

ಆನ್‌ಲೈನ್‌ನಲ್ಲಿ ಟ್ರೇಡ್ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ. ಆಟಗಾರನ ಪೇಟೆ ಬೆಲೆ ತಿಳಿಯಲು ಬಳಸಿ, ತಪ್ಪಿಲ್ಲ. ನಿಮ್ಮ ಫ್ಲೆಕ್ಸ್‌ನಲ್ಲಿ 8ರವನಿದ್ದಾನೋ 4ರವನಿದ್ದಾನೋ ಅವಕ್ಕೆ ಗೊತ್ತಿರುವುದಿಲ್ಲ.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಸೀಸನ್ 18 ವಾರ, ಪ್ರತಿ ತಂಡಕ್ಕೆ 17 ಪಂದ್ಯ, ಒಂದು ವಾರ ಬೈ, ಅಂದರೆ ಬಿಡುವು. ಬೈಗಳು ಸಾಮಾನ್ಯವಾಗಿ 5ನೇ ವಾರದಿಂದ 14ನೇ ವಾರದವರೆಗೆ ಹರಡಿಕೊಂಡಿರುತ್ತವೆ. ಹೆಚ್ಚಿನ ಲೀಗುಗಳ ಪ್ಲೇಆಫ್ 15, 16, 17ನೇ ವಾರ. ಟ್ರೇಡ್‌ನ ಗಡುವು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಬೀಳುತ್ತದೆ. ಈ ನಾಲ್ಕು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಜಾಡು ಕಾಣುತ್ತದೆ.

ಅಕ್ಟೋಬರ್‌ನಲ್ಲಿ ಬೆಂಚಿಗೆ ಬೆಲೆಯಿದೆ. ಬೈಗಳು ಎದುರಿಗಿವೆ, ಗಾಯಗಳು ಆಗುತ್ತಿರುತ್ತವೆ, ಒಂದೆರಡು ವಾರ ಇಬ್ಬಿಬ್ಬರು ಇಲ್ಲದೆ ತಳ್ಳಬೇಕಾಗುತ್ತದೆ. ಬೈ ಎಲ್ಲ ಮುಗಿದು ಪ್ಲೇಆಫ್ ಬಂದಾಗ ಅದೇ ಬೆಂಚಿನ ನಾಲ್ಕನೇ, ಐದನೇ ಆಟಗಾರ ಆಡುವುದೇ ಇಲ್ಲ. ಅಲ್ಲಿಯವರೆಗೆ ಉಳಿಸಿಕೊಂಡು ಏನು ಮಾಡುತ್ತೀರಿ? ಗಡುವಿಗೆ ಒಂದೆರಡು ವಾರ ಮುಂಚೆ, ಪ್ಲೇಆಫ್ ಖಚಿತವಾಗುತ್ತಿದ್ದಂತೆ, ಬೆಂಚಿನ ಇಬ್ಬರು ಒಳ್ಳೆಯವರನ್ನು ಕೊಟ್ಟು ಒಬ್ಬ ದೊಡ್ಡವನನ್ನು ತರಲು ನೋಡಿ. ಆಗ ಪ್ಲೇಆಫ್‌ಗೆ ಒದ್ದಾಡುತ್ತಿರುವ ತಂಡಗಳಿಗೆ ಈ ವಾರದ ಗೆಲುವೇ ಮುಖ್ಯ. ಅವರ ಸ್ಟಾರ್‌ಗೆ ಬೈ ಇದ್ದ ವಾರವಂತೂ ಅವರು ನಿಮ್ಮ ಇಬ್ಬರನ್ನು ಬೇಡ ಎನ್ನುವುದು ಕಷ್ಟ.

ಉಲ್ಟಾ, ನಿಮ್ಮದೇ ತಂಡ ಆರು ವಾರದಲ್ಲಿ ಒಂದೇ ಗೆದ್ದಿದ್ದರೆ ಡಿಸೆಂಬರ್‌ನ ಯೋಚನೆ ಬಿಡಿ. ಸ್ಟಾರ್‌ನನ್ನು ಕಾಪಾಡಿಕೊಂಡು ಪ್ಲೇಆಫ್‌ನ ಹೊರಗೆ ಕೂತರೆ ಬಂದ ಭಾಗ್ಯವೇನು?

ಫೈನಲ್ 18ನೇ ವಾರ ಇರುವ ಲೀಗುಗಳೂ ಅಲ್ಲಲ್ಲಿವೆ. ಅಂಥದ್ದಾಗಿದ್ದರೆ ಗೆದ್ದು ಕೂತ ಎನ್‌ಎಫ್‌ಎಲ್ ತಂಡದ ಸ್ಟಾರ್‌ನನ್ನು ಕೊಳ್ಳುವಾಗ ಹುಷಾರು. 2024ರಲ್ಲಿ ಫಿಲಡೆಲ್ಫಿಯಾದ ಸೇಕ್ವಾನ್ ಬಾರ್ಕ್ಲಿ 2,005 ಯಾರ್ಡ್ ಓಡಿದ್ದ. 1984ರಲ್ಲಿ ಎರಿಕ್ ಡಿಕರ್ಸನ್ ಮಾಡಿದ್ದ 2,105ರ ದಾಖಲೆ ಮುರಿಯಲು 101 ಸಾಕಿತ್ತು. ಆದರೂ ಕೊನೆಯ ವಾರ ಕೋಚ್ ಅವನಿಗೆ ವಿಶ್ರಾಂತಿ ಕೊಟ್ಟರು. ತಂಡದ ಪ್ಲೇಆಫ್ ಸ್ಥಾನ ಆಗಲೇ ಗಟ್ಟಿಯಾಗಿತ್ತು. ದಾಖಲೆಗಾಗಿಯೇ ಆಡಿಸದವರು ನಿಮ್ಮ ಆಫೀಸಿನ ಲೀಗಿಗಾಗಿ ಆಡಿಸುತ್ತಾರೆಯೇ!

ಗಾಯಗೊಂಡ ಸ್ಟಾರ್

ಅಗ್ಗದ ಸ್ಟಾರ್ ಸಿಗುವ ದೊಡ್ಡ ಸಂತೆ ಇದು, ಮೋಸ ಹೋಗುವುದೂ ಇಲ್ಲೇ. ಏಳರಲ್ಲಿ ಆರು ಗೆದ್ದ ತಂಡ ಒಂದು ತಿಂಗಳು ಕಾಯಬಲ್ಲದು. ಎರಡು ಗೆದ್ದವರು ಕಾಯಲಾರರು. ಆದ್ದರಿಂದ ಗಾಯಾಳು ಸೋತವರ ಮನೆಯಿಂದ ಗೆದ್ದವರ ಮನೆಗೆ ಹೋಗುವುದು ಸಹಜ, ಎರಡೂ ಕಡೆಗೆ ನ್ಯಾಯವೂ ಹೌದು.

ಆದರೆ ಗಾಯ ಯಾವುದು ಎಂದು ನೋಡದೆ ಕೈ ಹಾಕಬೇಡಿ. ಮೊಣಕಾಲಿನ ಎಸಿಎಲ್ ಹರಿದರೆ, ಅಕಿಲಿಸ್ ಸ್ನಾಯುರಜ್ಜು ಹರಿದರೆ ಆ ವರ್ಷದ ಆಟ ಮುಗಿಯಿತು. 2023ರಲ್ಲಿ ಏರನ್ ರಾಡ್ಜರ್ಸ್ ನ್ಯೂಯಾರ್ಕ್ ಜೆಟ್ಸ್ ಪರ ಮೊದಲ ಪಂದ್ಯದಲ್ಲಿ ನಾಲ್ಕು ಸ್ನ್ಯಾಪ್ ಆಡುವಷ್ಟರಲ್ಲಿ ಅಕಿಲಿಸ್ ಹರಿದುಕೊಂಡು ಹೊರನಡೆದ. ತೊಡೆಯ ಹ್ಯಾಮ್‌ಸ್ಟ್ರಿಂಗ್ ಗಾಯ ಚಿಕ್ಕದೆಂದು ಕಂಡರೂ ಮರುಕಳಿಸುವ ಜಾತಿಯದು. ಆಟಗಾರನನ್ನು ಅವನ ತಂಡ ಇಂಜರ್ಡ್ ರಿಸರ್ವ್ ಎಂಬ ಗಾಯಾಳುಗಳ ಪಟ್ಟಿಗೆ ಹಾಕಿದ್ದರೆ ಕನಿಷ್ಠ ನಾಲ್ಕು ಪಂದ್ಯ ಅವನು ಬರುವಂತಿಲ್ಲ. ಇನ್ನು "ದಿನದಿಂದ ದಿನಕ್ಕೆ ನೋಡುತ್ತೇವೆ" ಎಂದು ಕೋಚ್ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ ಎಂದು ತಿಳಿಯಿರಿ. ಬುಧವಾರದಿಂದ ಶುಕ್ರವಾರದವರೆಗೆ ಅಭ್ಯಾಸಕ್ಕೆ ಇಳಿದನೋ ಇಲ್ಲವೋ ಎಂಬ ವರದಿ ಕೋಚ್‌ನ ಮಾತಿಗಿಂತ ನಂಬಿಕಸ್ತ.

ರನ್ನಿಂಗ್ ಬ್ಯಾಕ್ ಕ್ರಿಸ್ಟಿಯನ್ ಮೆಕ್ಯಾಫ್ರಿಯ ಕಥೆ ಎರಡೂ ಕಡೆಗೆ ಕಣ್ಣು ತೆರೆಸುವಂಥದ್ದು. 2019ರಲ್ಲಿ ಓಟದಲ್ಲೂ ಕ್ಯಾಚಿನಲ್ಲೂ 1,000 ಯಾರ್ಡ್ ದಾಟಿದ. ಅದಕ್ಕೂ ಮೊದಲು ಹಾಗೆ ಮಾಡಿದ್ದವರು ಇಬ್ಬರೇ. ಮರುವರ್ಷ ಗಾಯಗಳಿಂದಾಗಿ ಆಡಿದ್ದು 3 ಪಂದ್ಯ, ಅದರಾಚೆಯ ವರ್ಷ 7. 2022ರ ಅಕ್ಟೋಬರ್‌ನಲ್ಲಿ ಕೆರೊಲಿನಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ, ಕೆಲವೇ ದಿನಗಳಲ್ಲಿ ಒಂದೇ ಪಂದ್ಯದಲ್ಲಿ ಟಚ್‌ಡೌನ್ ಎಸೆದ, ಹಿಡಿದ, ಓಡಿಯೂ ಹೊಡೆದ. 2023ರಲ್ಲಿ 21 ಟಚ್‌ಡೌನ್. ಹಾಗಾಗಿ 2024ರ ಡ್ರಾಫ್ಟ್‌ಗಳಲ್ಲಿ ಬಹಳ ಕಡೆ ಮೊದಲ ಆಯ್ಕೆ ಅವನೇ. ಕಾಲಿನ ಅಕಿಲಿಸ್ ಉರಿಯೂತದಿಂದ ಮೊದಲ 8 ಪಂದ್ಯ ಆಡಲಿಲ್ಲ, 10ನೇ ವಾರ ಬಂದ, 13ನೇ ವಾರ ಬಫಲೋದ ಹಿಮದಲ್ಲಿ ಮೊಣಕಾಲು ಪೆಟ್ಟು ಮಾಡಿಕೊಂಡು ಹೋದ. 4 ಪಂದ್ಯ, ಸೊನ್ನೆ ಟಚ್‌ಡೌನ್. ಅಕ್ಟೋಬರ್‌ನಲ್ಲಿ "ಪ್ಲೇಆಫ್ ಹೊತ್ತಿಗೆ ಬರುತ್ತಾನೆ" ಎಂದು ದೊಡ್ಡ ಬೆಲೆ ಕೊಟ್ಟು ಕೊಂಡವರಿಗೆ ಪ್ಲೇಆಫ್ ಹೊತ್ತಿಗೆ ಅವನು ಇರಲೇ ಇಲ್ಲ. ನನ್ನ ಮಟ್ಟಿಗೆ ಒಂದು ಮಿತಿ ಇಟ್ಟುಕೊಂಡಿದ್ದೇನೆ: ಗಾಯಗೊಂಡ ಸ್ಟಾರ್‌ಗೆ ಬೆಂಚಿನ ಆಟಗಾರರನ್ನು ಕೊಡಬಹುದು, ವಾರ ವಾರ ಆಡಿಸುತ್ತಿರುವವನನ್ನು ಕೊಡಬಾರದು. ಅವನು ಬರದಿದ್ದರೂ ಲೈನಪ್ ಹಾಗೇ ಉಳಿದಿರುತ್ತದೆ.

ಮಾತಿಗಿಳಿಯುವುದು

ಆಫರ್ ಗುಂಡಿ ಒತ್ತುವ ಮೊದಲು ಎದುರಿನವರ ತಂಡವನ್ನು ನಿಮ್ಮದೇ ಎಂಬಂತೆ ಓದಿ. ಎಲ್ಲಿ ತೂತಿದೆ, ಮುಂದಿನ ವಾರ ಯಾರಿಗೆ ಬೈ, ಎಷ್ಟು ಸೋತಿದ್ದಾರೆ. ಮೇಲೆ ಮಾಡಿದ ಲೈನಪ್ ಲೆಕ್ಕವನ್ನು ಅವರ ಪರವಾಗಿಯೂ ಮಾಡಿ. ಅವರಿಗೆ ಒಂದಾದರೂ ಪಾಯಿಂಟ್ ಮೇಲಾಗದ ಆಫರ್ ಕಳಿಸುವುದು ವ್ಯರ್ಥ, ಅದು ನಿಮ್ಮ ಹೆಸರನ್ನೂ ಕೆಡಿಸುತ್ತದೆ.

ನಂತರ ಮೆಸೇಜ್. ಎರಡು ರೀತಿ ನೋಡಿ.

"ಮಗಾ, ನಿನ್ನ ಆ ಸ್ಟಾರ್ ಹೇಗೂ ಆಡ್ತಿಲ್ಲ, ನನಗೆ ಕೊಟ್ಟುಬಿಡು."

"ಗುರು, ಏಳನೇ ವಾರ ನಿನ್ನ ಇಬ್ಬರು ರನ್ನಿಂಗ್ ಬ್ಯಾಕ್‌ಗೂ ಬೈ ಇದೆ ಅಲ್ವಾ? ನನ್ನ ಹತ್ರ ಒಬ್ಬ ಎಕ್ಸ್‌ಟ್ರಾ ಇದ್ದಾನೆ. ನಿನ್ನ ರಿಸೀವರ್‌ಗಳಲ್ಲಿ ಯಾರನ್ನ ಬಿಟ್ಟುಕೊಡೋಕೆ ಮನಸ್ಸಿದೆ ಹೇಳು, ಮಾತಾಡೋಣ."

ಮೊದಲನೆಯದಕ್ಕೆ ಉತ್ತರವೇ ಬರುವುದಿಲ್ಲ. ತಾನು ಮೊದಲ ಸುತ್ತಿನಲ್ಲಿ ಆರಿಸಿದವನನ್ನು ಬೈದರೆ ಯಾರಿಗಾದರೂ ಹಟ ಬರುತ್ತದೆ. ಎರಡನೆಯದು ಅವರ ಕಷ್ಟದಿಂದ ಶುರುವಾಗುತ್ತದೆ, ಯಾರು ಸಿಗಬಹುದೆಂದು ಅವರ ಬಾಯಿಂದಲೇ ಹೊರಡಿಸುತ್ತದೆ. ಬಾಸ್ ಕೂಡ ಲೀಗಿನಲ್ಲಿದ್ದರೆ "ಗುರು" ಜಾಗದಲ್ಲಿ "ಸರ್" ಬರುತ್ತದೆ, ಉಳಿದದ್ದು ಇದೇ.

ಚೌಕಾಸಿಗೆ ಸ್ವಲ್ಪ ಜಾಗ ಇಟ್ಟುಕೊಂಡೇ ಶುರು ಮಾಡಿ, ಆದರೆ ತೀರಾ ಕೆಳಗಿನಿಂದ ಬೇಡ. ಒಂದೇ ದಿನ ಐದಾರು ಆಫರ್ ಸುರಿಯುವವರ ಹೆಸರು ಕಂಡರೆ ಜನ ನೋಟಿಫಿಕೇಶನ್ ಒರೆಸಿಹಾಕುತ್ತಾರೆ. ನಿಮ್ಮ ಸ್ಟಾರ್‌ನನ್ನು ಕೊಡುವ ಮನಸ್ಸಿದ್ದರೆ ಒಬ್ಬರ ಹತ್ತಿರವೇ ಕೂತು ಎಳೆದಾಡಬೇಡಿ. "ಇವನ ಬಗ್ಗೆ ಆಫರ್ ಕೇಳಲು ಸಿದ್ಧ, ಬುಧವಾರದೊಳಗೆ" ಎಂದು ಲೀಗಿನ ಗ್ರೂಪಿನಲ್ಲೇ ಹಾಕಿ. ಮೂವರು ಬಂದರೂ ಬೆಲೆ ಏರುತ್ತದೆ. ಇಬ್ಬರು ಗೆಳೆಯರು ಸೇರಿ ಒಬ್ಬರಿಗೆ ಆಟಗಾರರನ್ನು ದಾನ ಮಾಡುವ ಕಳ್ಳಾಟ ಮಾತ್ರ ಬೇಡ. ಅದರಿಂದ ಲೀಗುಗಳೇ ಮುರಿದು ಬೀಳುತ್ತವೆ. ಸೋತ ತಂಡ ಸ್ಟಾರ್ ಮಾರಿದ ಕೂಡಲೇ ವೀಟೋ ಎಂದು ಕೂಗುವವರೂ ಇದ್ದಾರೆ. ಕಳ್ಳಾಟದ ಅನುಮಾನವಿಲ್ಲದಿದ್ದರೆ ಬೇರೆಯವರ ವ್ಯಾಪಾರದಲ್ಲಿ ತಲೆ ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಆಫರ್ ಕಳಿಸಿದ ಮೇಲೆ

ಕಳಿಸಿದ ಆಫರ್ ನೀವು ಹಿಂತೆಗೆದುಕೊಳ್ಳುವವರೆಗೆ, ಇಲ್ಲವೇ ಅವಧಿ ಮುಗಿಯುವವರೆಗೆ ಅಲ್ಲೇ ಕೂತಿರುತ್ತದೆ. ಬುಧವಾರ ಕಳಿಸಿ ಮರೆತಿರಿ; ಶುಕ್ರವಾರ ನೀವು ಕೇಳಿದ್ದ ಆಟಗಾರ ಅಭ್ಯಾಸದಲ್ಲಿ ಕಾಲು ಹಿಡಿದುಕೊಂಡ ಸುದ್ದಿ ಬಂತು; ನೀವು ಮೀಟಿಂಗಿನಲ್ಲಿದ್ದಾಗ ಎದುರಿನವರು ಥಟ್ಟನೆ ಒಪ್ಪಿಕೊಂಡರು. ನಿಯಮದ ಪ್ರಕಾರ ಅದು ಸರಿಯೇ, ದೂರಿ ಫಲವಿಲ್ಲ. ಪ್ರತಿ ಆಫರಿಗೂ ಒಂದು ದಿನದ ಗಡುವು ಹಾಕಿ. ಆ್ಯಪ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮಲಗುವ ಮುನ್ನ ನೀವೇ ರದ್ದು ಮಾಡಿ. ಬೆಂಗಳೂರಿನಲ್ಲಿರುವವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಹಗಲಿನ ಸುದ್ದಿಯೆಲ್ಲ ನಿಮ್ಮ ರಾತ್ರಿಯಲ್ಲಿ ಬರುತ್ತದೆ. ಗುರುವಾರ ರಾತ್ರಿಯ ಪಂದ್ಯ ಶುರುವಾಗುವುದು ಇಲ್ಲಿನ ಶುಕ್ರವಾರ ಬೆಳಗಿನ ಜಾವ 5:45ಕ್ಕೆ, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ 6:45ಕ್ಕೆ.

ಒಪ್ಪಿಗೆಯಾದ ಕ್ಷಣವೇ ಆಟಗಾರರು ಕೈ ಬದಲಾಯಿಸುತ್ತಾರೆ ಎಂದುಕೊಳ್ಳಬೇಡಿ. ಅನೇಕ ಲೀಗುಗಳಲ್ಲಿ ಕಮಿಷನರ್ (ಲೀಗ್ ನಡೆಸುವವರು) ಅಥವಾ ಸದಸ್ಯರ ಪರಿಶೀಲನೆಗೆ ಒಂದೆರಡು ದಿನ ಇರುತ್ತದೆ, ಅಷ್ಟರಲ್ಲಿ ಯಾವನಾದರೂ ಆಡಲು ಇಳಿದರೆ ಆ ವಾರದ ಮಟ್ಟಿಗೆ ಅವನು ಹಳೆಯ ಜಾಗದಲ್ಲೇ ಲಾಕ್ ಆಗಬಹುದು. ಟ್ರೇಡ್‌ನಲ್ಲಿರುವ ಒಬ್ಬನಿಗಾದರೂ ಗುರುವಾರ ಪಂದ್ಯವಿದ್ದರೆ ಮಾತುಕತೆಯನ್ನು ಮಂಗಳವಾರವೇ ಮುಗಿಸಿ. ಇಬ್ಬರು ಬರುವ ಟ್ರೇಡ್ ಆಗಿದ್ದರೆ ಯಾರನ್ನು ಕೈಬಿಡುತ್ತೀರಿ ಎಂಬುದನ್ನೂ ಆಗಲೇ ನಿರ್ಧರಿಸಿಟ್ಟಿರಿ, ಇಲ್ಲದಿದ್ದರೆ ಜಾಗವಿಲ್ಲವೆಂದು ಆ್ಯಪ್ ಟ್ರೇಡ್ ಅನ್ನೇ ತಡೆದು ನಿಲ್ಲಿಸುತ್ತದೆ.